ತುಪ್ಪ ನೋಡಲಾರದವರ ಅಧಿಕಾರ

ಜೈಮಿನಿಯ ಮೀಮಾಂಸಾ ಸೂತ್ರಗಳ ಆರನೆಯ ಅಧ್ಯಾಯ ಒಂದು ಪ್ರಶ್ನೆಯನ್ನು ಬಿಡದೆ ಹಿಡಿದು ನಡೆಯುತ್ತದೆ: ಯಜ್ಞ ಮಾಡುವ ಅಧಿಕಾರ ಯಾರಿಗಿದೆ? ಫಲ ಬೇಕೆಂಬ ಬಯಕೆ, ಕರ್ಮ ಮಾಡಬಲ್ಲ ಸಾಮರ್ಥ್ಯ, ಅದಕ್ಕೆ ಬೇಕಾದ ತಿಳಿವಳಿಕೆ ಇರುವವನು ಅಧಿಕಾರಿ ಎಂಬುದು ಸ್ಥೂಲವಾಗಿ ಆ ಪರಂಪರೆಯ ಉತ್ತರ. ಕೇಳಲು ನ್ಯಾಯವಾಗಿಯೇ ಇದೆ. ಸಾಮರ್ಥ್ಯವೆಂಬ ಮಾತು ಯಾರನ್ನು ಕೊಯ್ಯುತ್ತದೆ ಎಂಬುದು ವ್ಯಾಖ್ಯಾನಕಾರರ ಉದಾಹರಣೆಗಳಲ್ಲಿ ತಿಳಿಯುತ್ತದೆ. ಯಜ್ಞದ ಅಂಗಗಳಲ್ಲಿ ಆಜ್ಯಾವೇಕ್ಷಣ ಎಂಬುದೊಂದಿದೆ. ತುಪ್ಪವನ್ನು ಕಣ್ಣಾರೆ ನೋಡುವುದು. ವಿಷ್ಣುಕ್ರಮ ಎಂಬುದು ಇನ್ನೊಂದು. ವಿಧಿಸಿದ ರೀತಿಯಲ್ಲಿ ಹೆಜ್ಜೆಯಿಡುವುದು. ಅಂಧ ತುಪ್ಪ ನೋಡಲಾರ, ಪಂಗು ಹೆಜ್ಜೆಯಿಡಲಾರ, ಆದ್ದರಿಂದ ಅವರಿಗೆ ಅಧಿಕಾರವಿಲ್ಲ. ಅದೇ ಅಧ್ಯಾಯ ಬಡವನನ್ನು ಹೊರಗಿಡುವುದಿಲ್ಲ: ಹಣ ಈ ಹೊತ್ತು ಇಲ್ಲದಿದ್ದರೂ ಮುಂದೆ ಸಂಪಾದಿಸಬಹುದು, ಬಡತನ ಮನುಷ್ಯನಿಗೆ ಅಂಟಿ ಹುಟ್ಟಿದ್ದಲ್ಲ. ವಾಸಿಯಾಗಬಹುದಾದ ಊನವಿದ್ದವನಿಗೂ ಇದೇ ನ್ಯಾಯ. ಹುಟ್ಟಿನಿಂದ ಬಂದು ಕೊನೆಯವರೆಗೆ ಉಳಿಯುವ ಊನವಿದ್ದವನಿಗೆ ಮಾತ್ರ ಬಾಗಿಲು ಮುಚ್ಚುತ್ತದೆ. ಶೂದ್ರನನ್ನು ಹೊರಗಿಟ್ಟದ್ದೂ ಇದೇ ಅಧ್ಯಾಯ. ಎಲ್ಲರಿಗೂ ಅಧಿಕಾರವಿದೆಯೆಂದ ಬಾದರಿ ಎಂಬ ಆಚಾರ್ಯನ ಪಕ್ಷ ಅಲ್ಲಿ ದಾಖಲಾಗಿದ್ದರೂ ಗೆಲ್ಲಲಿಲ್ಲ.

ಇಷ್ಟು ಹಳೆಯ ಚರ್ಚೆಯನ್ನು ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂಗಳ ತುಲನೆಯ ಪಕ್ಕ ಇಡುತ್ತಿರುವುದಕ್ಕೆ ಕಾರಣವಿದೆ. ವಿಂಡೋಸ್, ಮ್ಯಾಕ್, ಲಿನಕ್ಸ್‌ಗಳಲ್ಲಿ ಯಾವುದು ಮೇಲು ಎಂಬ ವಾದಗಳು ವೇಗ, ಬೆಲೆ, ಅಂದ, ಭದ್ರತೆ, ಸ್ವಾತಂತ್ರ್ಯಗಳ ಸುತ್ತಲೇ ತಿರುಗುತ್ತವೆ. ಪರದೆಯನ್ನು ಕಾಣದೆ, ಸ್ಕ್ರೀನ್ ರೀಡರ್ ಓದಿ ಹೇಳುವುದನ್ನು ಕೇಳಿ ಕೆಲಸ ಮಾಡುವವರ ಮಾತು ಬರುವುದು ಪಟ್ಟಿಯ ಕಟ್ಟಕಡೆಗೆ, ಅದೂ ಬಂದರೆ. ಅದು ಮೊದಲು ಬರಬೇಕೆಂಬುದು ನನ್ನ ವಾದ, ಮತ್ತು ಇದಕ್ಕೆ ಬೇಕಾದ ಸಾಧನ ಮೀಮಾಂಸಕರಲ್ಲೇ ಇದೆ. ಅವರು ಕರ್ಮವನ್ನು ಪ್ರಧಾನ ಮತ್ತು ಅಂಗ ಎಂದು ಬಿಡಿಸಿ ನೋಡಿದರು. ಫಲ ಬಯಸಿ ಮಾಡುವ ಕಾಮ್ಯಕರ್ಮಕ್ಕೆ ಎಲ್ಲ ಅಂಗಗಳೂ ಬೇಕು. ಮಾಡಲೇಬೇಕಾದ ನಿತ್ಯಕರ್ಮದಲ್ಲಿ ಶಕ್ತಿಯಿದ್ದಷ್ಟು ಅಂಗಗಳನ್ನು ಮಾಡಿದರೂ ಪ್ರಧಾನ ಸಿದ್ಧಿಸುತ್ತದೆ. ಈ ಭೇದವನ್ನು ಅವರು ಬೇರೆ ಕಾರಣಕ್ಕೆ ಮಾಡಿದರು, ನಾನು ನನ್ನ ಕಾರಣಕ್ಕೆ ಬಳಸುತ್ತಿದ್ದೇನೆ. ಒಂದು ಕಡತ ತೆರೆಯುವುದು, ಪತ್ರ ಬರೆಯುವುದು, ಲೆಕ್ಕ ಹಾಕುವುದು ಪ್ರಧಾನ. ಚಿತ್ರವನ್ನು ಕಣ್ಣಿಂದ ಗುರುತಿಸಿ ಮೌಸ್ ಒಯ್ದು ಒತ್ತುವುದು ಅಂಗ. ಅಂಗವನ್ನು ಪ್ರಧಾನದ ಜಾಗದಲ್ಲಿ ಕೂರಿಸಿದ ವ್ಯವಸ್ಥೆ ಮೊದಲು ಅಸಾಮರ್ಥ್ಯವನ್ನು ಹುಟ್ಟಿಸುತ್ತದೆ, ಆಮೇಲೆ ಆ ಅಸಾಮರ್ಥ್ಯ ಮನುಷ್ಯನದೆಂದು ಬರೆದಿಡುತ್ತದೆ. ತುಪ್ಪವನ್ನು ನೋಡಲೇಬೇಕೆಂದು ಯಾರೂ ವಿಧಿಸದಿದ್ದರೆ ಅಂಧ ಯಜಮಾನನಿಗೆ ಯಾವ ಕೊರತೆಯೂ ಇರುತ್ತಿರಲಿಲ್ಲ. ವಿಧಿ ವೇದದ್ದು, ಬದಲಿಸಲಾಗದು ಎಂದು ಮೀಮಾಂಸಕ ಹೇಳಬಲ್ಲ. ಮನುಷ್ಯರೇ ಬರೆದ ತಂತ್ರಾಂಶಕ್ಕೆ ಆ ನೆಪ ಇಲ್ಲ.

ಇದು ಬರೀ ತರ್ಕವಲ್ಲ ಎಂಬುದಕ್ಕೆ ಡೆಸ್ಕ್‌ಟಾಪಿನ ಚರಿತ್ರೆಯೇ ಸಾಕ್ಷಿ. ಡಾಸ್ ಕಾಲದ ಪರದೆಯ ಮೇಲೆ ಇದ್ದದ್ದು ಅಕ್ಷರಗಳು, ಮತ್ತು ಅವು ಕಂಪ್ಯೂಟರಿನ ಸ್ಮೃತಿಯಲ್ಲೂ ಅಕ್ಷರಗಳಾಗಿಯೇ ಇರುತ್ತಿದ್ದವು. ಸ್ಕ್ರೀನ್ ರೀಡರ್ ಆ ಜಾಗಕ್ಕೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಓದುತ್ತಿತ್ತು. ಅಪಘಾತವೊಂದರಲ್ಲಿ ದೃಷ್ಟಿ ಕಳೆದುಕೊಂಡಿದ್ದ ಟೆಡ್ ಹೆಂಟರ್ ಅವರ ಸಂಸ್ಥೆ 1989ರಲ್ಲಿ ಜಾಸ್ ಎಂಬ ಸ್ಕ್ರೀನ್ ರೀಡರನ್ನು ತಂದದ್ದು ಡಾಸ್‌ಗಾಗಿಯೇ. ಅಂಥ ಯಂತ್ರದ ಮುಂದೆ ಕಣ್ಣಿರುವ ಪ್ರೋಗ್ರಾಮರಿಗೂ ಇಲ್ಲದ ಪ್ರೋಗ್ರಾಮರಿಗೂ ಅಂತರ ಕಡಿಮೆಯಿತ್ತು. ಆಮೇಲೆ ಚಿತ್ರಮಯ ಪರದೆ ಬಂತು. ಅಕ್ಷರವೂ ಚುಕ್ಕೆಗಳ ಗುಂಪಾಯಿತು. ಬಟನ್ ಎಂಬುದು ಬಟನ್ನಿನಂತೆ ಕಾಣುವ ಒಂದು ಚೌಕವಾಯಿತು. ಓದಲು ಪರದೆಯ ಹಿಂದೆ ಏನೂ ಉಳಿಯಲಿಲ್ಲ. ಆಗಿನ ಸ್ಕ್ರೀನ್ ರೀಡರುಗಳು ಪರದೆಯ ಮೇಲೆ ಬರೆಯಲು ಹೋಗುವ ಆದೇಶಗಳನ್ನು ದಾರಿಯಲ್ಲೇ ತಡೆದು ಓದಿ, ಪರದೆಯದೇ ಒಂದು ಪ್ರತಿರೂಪವನ್ನು ತಮ್ಮಲ್ಲಿ ಕಟ್ಟಿಕೊಳ್ಳಬೇಕಾಯಿತು. ಮ್ಯಾಕಿಂಟಾಷ್‌ಗೆ 1989ರಲ್ಲೇ ಬಂದ ಔಟ್‌ಸ್ಪೋಕನ್ ಇಂಥ ಸಾಹಸಗಳಲ್ಲಿ ಮೊದಲನೆಯದು. ಎಷ್ಟೇ ಜಾಣ್ಮೆಯಿಂದ ಮಾಡಿದರೂ ಅದು ಊಹೆಯ ಕೆಲಸ. ಇಲ್ಲಿ ಯಾರ ಕಣ್ಣೂ ಹೊಸದಾಗಿ ಹೋಗಿರಲಿಲ್ಲ. ನಿನ್ನೆಯವರೆಗೆ ಕೆಲಸ ಮಾಡುತ್ತಿದ್ದವರು ಇವತ್ತು ಅಸಮರ್ಥರಾದದ್ದು ವಿಧಿ ಬದಲಾದದ್ದರಿಂದ. ಪರಿಹಾರ ಬಂದದ್ದೂ ವಿಧಿಯನ್ನು ತಿದ್ದಿದ್ದರಿಂದಲೇ. ಮೈಕ್ರೋಸಾಫ್ಟ್ 1997ರಲ್ಲಿ ಆಕ್ಟಿವ್ ಆಕ್ಸೆಸಿಬಿಲಿಟಿ ಎಂಬ ವ್ಯವಸ್ಥೆಯನ್ನು ಕೊಟ್ಟಿತು. ಪರದೆಯ ಮೇಲಿನ ಪ್ರತಿ ವಸ್ತುವೂ ತನ್ನ ಹೆಸರೇನು, ತನ್ನ ಕೆಲಸವೇನು, ಈಗ ತನ್ನ ಸ್ಥಿತಿಯೇನು ಎಂದು ಕೇಳಿದವರಿಗೆ ಹೇಳಬೇಕು: ಹೆಸರು ‘ಉಳಿಸು’, ಕೆಲಸ ಬಟನ್, ಸ್ಥಿತಿ ಒತ್ತಬಹುದಾದದ್ದು. ಇವತ್ತಿನ ಮೂರೂ ಆಪರೇಟಿಂಗ್ ಸಿಸ್ಟಂಗಳಲ್ಲಿ ಕಾಣುವ ಪರದೆಯ ಹಿಂದೆ ಇಂಥ ಹೆಸರುಗಳದೇ ಒಂದು ಮರವಿದೆ. ಆ ಮರ ಎಷ್ಟು ಪೂರ್ಣ, ಅದನ್ನು ಯಾರು ಕಾಯುತ್ತಾರೆ, ಅದನ್ನು ಓದುವ ಹಕ್ಕು ಯಾರಿಗೆಲ್ಲ ಇದೆ ಎಂಬುದರಲ್ಲಿಯೇ ಅವುಗಳ ನಿಜವಾದ ವ್ಯತ್ಯಾಸ.

ಮ್ಯಾಕ್‌ನಲ್ಲಿ 2005ರ ಟೈಗರ್ ಆವೃತ್ತಿಯಿಂದ ವಾಯ್ಸ್‌ಓವರ್ ಎಂಬ ಸ್ಕ್ರೀನ್ ರೀಡರ್ ಸಿಸ್ಟಂನ ಒಳಗೇ ಇದೆ. ಪೆಟ್ಟಿಗೆ ಬಿಚ್ಚಿದ ದಿನವೇ, ಪಕ್ಕದಲ್ಲಿ ಕಣ್ಣಿರುವವರಿಲ್ಲದೆ, ಹೆಚ್ಚಿನ ದುಡ್ಡು ಕೊಡದೆ ಯಂತ್ರವನ್ನು ಮಾತಾಡಿಸಬಹುದು. ಅದಕ್ಕೂ ಹಿಂದೆ ಕಂಪ್ಯೂಟರ್ ಕೊಂಡ ಅಂಧರು ಅದರ ಮೇಲೆ ಇನ್ನೊಂದು ಕಂಪ್ಯೂಟರಿನಷ್ಟು ಬೆಲೆ ತೆತ್ತು ಸ್ಕ್ರೀನ್ ರೀಡರ್ ಕೊಳ್ಳಬೇಕಿತ್ತು. ಅಮೆರಿಕದಲ್ಲಿ ಜಾಸ್‌ನ ಪರವಾನಗಿ ಸಾವಿರ ಡಾಲರಿನ ಆಸುಪಾಸಿನಲ್ಲಿತ್ತು. ಹಾಗಾಗಿ ಆ್ಯಪಲ್ ಇಟ್ಟ ಹೆಜ್ಜೆ ದೊಡ್ಡದು. ಆದರೆ ಮ್ಯಾಕ್‌ನಲ್ಲಿ ವಾಯ್ಸ್‌ಓವರ್ ಬಿಟ್ಟರೆ ದಿನಬಳಕೆಗೆ ಬೇರೆ ಗತಿ ಇಲ್ಲವೆಂದೇ ಹೇಳಬೇಕು. ಅದರಲ್ಲಿ ದೋಷ ಕಂಡರೆ ಮಾಲೀಕ ತಿದ್ದುವ ತನಕ ಕಾಯುವುದೊಂದೇ ದಾರಿ. ಸಾಮರ್ಥ್ಯ ಸಿಕ್ಕಿತು, ಅದರ ಕೀಲಿ ಮಾತ್ರ ದಾನಿಯ ಕೈಯಲ್ಲೇ ಉಳಿಯಿತು. ವಿಂಡೋಸ್‌ನ ಕಥೆ ಇದಕ್ಕೆ ಹೆಚ್ಚುಕಡಿಮೆ ತಿರುಗುಮುರುಗು. ವಿಂಡೋಸ್ 2000ರಲ್ಲಿ ಬಂದ ನರೇಟರ್ ಎಂಬ ಸ್ಕ್ರೀನ್ ರೀಡರ್ ಬಹುಕಾಲ ಹೆಸರಿಗಷ್ಟೇ ಇತ್ತು. ಆದರೆ ಹೆಸರುಗಳ ಮರವನ್ನು ಹೊರಗಿನವರೂ ಓದಬಹುದಾಗಿತ್ತು. ಆದ್ದರಿಂದಲೇ ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬರೆಯಲು ತೊಡಗಿದರು, ಜೇಮ್ಸ್ ಟೆ ಜತೆಗೂಡಿದರು, ಇಬ್ಬರೂ ಅಂಧರು. ಅದು ಉಚಿತ, ಅದರ ಮೂಲ ಸಂಕೇತವೂ ಎಲ್ಲರಿಗೆ ತೆರೆದದ್ದು. ವೆಬ್‌ಏಮ್ ಸಂಸ್ಥೆ 2023ರ ಕೊನೆಯಿಂದ 2024ರ ಆರಂಭದವರೆಗೆ ನಡೆಸಿದ ಸಮೀಕ್ಷೆಯಲ್ಲಿ ತಮ್ಮ ಮುಖ್ಯ ಸ್ಕ್ರೀನ್ ರೀಡರ್ ಜಾಸ್ ಎಂದವರು ಶೇ. 40ರ ಹತ್ತಿರ, ಎನ್‌ವಿಡಿಎ ಎಂದವರು ಶೇ. 38ರ ಹತ್ತಿರ, ವಾಯ್ಸ್‌ಓವರ್ ಎಂದವರು ಶೇ. 10ರ ಹತ್ತಿರ. ತಾವಾಗಿ ಮುಂದೆ ಬಂದು ಉತ್ತರಿಸಿದವರ ಲೆಕ್ಕವಾದ್ದರಿಂದ ಇದನ್ನು ಜಗತ್ತಿನ ಗಣತಿಯೆಂದು ತಿಳಿಯಬಾರದು. ಆದರೂ ಕೋಟ್ಯಂತರ ಡಾಲರಿನ ಕಂಪನಿಗಳ ನಡುವೆ, ಬಳಸುವವರೇ ಬರೆದುಕೊಂಡ ಒಂದು ಉಚಿತ ತಂತ್ರಾಂಶ ಇಷ್ಟು ಎತ್ತರದಲ್ಲಿ ನಿಂತಿರುವುದು ಸಣ್ಣ ಮಾತಲ್ಲ.

ಲಿನಕ್ಸ್‌ನ ವಿಷಯ ಹೆಚ್ಚು ನೋವಿನದು, ಏಕೆಂದರೆ ಅದರ ಹಿಂದಿರುವುದು ಒಂದು ನೈತಿಕ ದರ್ಶನ. ಸ್ವತಂತ್ರ ತಂತ್ರಾಂಶದ ಚಳವಳಿ ನಾಲ್ಕು ಸ್ವಾತಂತ್ರ್ಯಗಳನ್ನು ಸಾರುತ್ತದೆ. ಸೊನ್ನೆಯಿಂದ ಎಣಿಸುವ ಆ ಪಟ್ಟಿಯ ಮೊದಲನೆಯದು, ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ಚಲಾಯಿಸುವ ಸ್ವಾತಂತ್ರ್ಯ. ಪರವಾನಗಿಯ ಮಟ್ಟದಲ್ಲಿ ಇದು ಎಲ್ಲರಿಗೂ ಸಮಾನ. ಅಂಧರು ಈ ಚಳವಳಿಯ ಹೊರಗಿನವರೇನಲ್ಲ: ಪುಣೆಯಲ್ಲಿ ಹುಟ್ಟಿದ, ಹದಿಹರೆಯದಲ್ಲಿ ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡ ಟಿ. ವಿ. ರಾಮನ್ 1995ರಲ್ಲಿ ಪರದೆಯನ್ನು ಮಾತಾಗಿಸುವ ಈಮ್ಯಾಕ್‌ಸ್ಪೀಕ್ ಕೊಟ್ಟರು. ಬ್ರೈಲ್ ಪಟ್ಟಿಯ ಮೂಲಕ ಲಿನಕ್ಸ್ ಓದಿಸುವ ಬಿಆರ್‌ಎಲ್‌ಟಿಟಿವೈ ಹುಟ್ಟಿದ್ದೂ ಅದೇ ವರ್ಷ. ಅಕ್ಷರವಷ್ಟೇ ಇರುವ ಕನ್ಸೋಲ್‌ನಲ್ಲಿ ಲಿನಕ್ಸ್ ಅಂಧರಿಗೆ ಇಂದಿಗೂ ಹದವಾದ ಸಾಧನ. ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿ ತನ್ನ ಸ್ಥಾಪನಾ ಕ್ರಮವನ್ನೇ ಮಾತಾಡುವಂತೆ ಮಾಡಿದೆ. ಚಿತ್ರಮಯ ಡೆಸ್ಕ್‌ಟಾಪಿಗೆ ಬಂದಾಗ ಕಥೆ ಬದಲಾಗುತ್ತದೆ. ಸನ್ ಮೈಕ್ರೋಸಿಸ್ಟಮ್ಸ್‌ನ ಆಶ್ರಯದಲ್ಲಿ ಬೆಳೆದ ಆರ್ಕಾ ಎಂಬ ಸ್ಕ್ರೀನ್ ರೀಡರ್ 2006ರಲ್ಲಿ ಗ್ನೋಮ್ ಎಂಬ ಡೆಸ್ಕ್‌ಟಾಪಿನ ಭಾಗವಾಯಿತು. 2010ರಲ್ಲಿ ಒರಾಕಲ್ ಸನ್ ಅನ್ನು ಕೊಂಡಿತು, ಆ ಕೆಲಸಕ್ಕೆಂದೇ ಇದ್ದವರು ಕೆಲಸ ಕಳೆದುಕೊಂಡರು, ಆರ್ಕಾ ಬೆರಳೆಣಿಕೆಯ ಜನರ ಬಲದ ಮೇಲೆ ಉಳಿಯಿತು. ಅದೇ ಹೊತ್ತಿಗೆ ಪರದೆಯ ಅಡಿಪಾಯ ಬದಲಾಗತೊಡಗಿತ್ತು. 2008ರಲ್ಲಿ ಶುರುವಾದ ವೇಲ್ಯಾಂಡ್ ಎಂಬ ಹೊಸ ಅಡಿಪಾಯ, ಒಂದು ತಂತ್ರಾಂಶ ಇನ್ನೊಂದರ ಕೀಲಿಮಣೆಯನ್ನು ಕದ್ದು ಕೇಳಬಾರದು ಎಂಬ ಭದ್ರತೆಯ ವಿಚಾರದ ಮೇಲೆ ನಿಂತಿದೆ. ವಿಚಾರ ಸರಿಯೇ. ಆದರೆ ಬೇರೆ ತಂತ್ರಾಂಶಗಳಲ್ಲಿ ಏನಾಗುತ್ತಿದೆಯೆಂದು ಕೇಳಿಸಿಕೊಳ್ಳುವುದೇ ಸ್ಕ್ರೀನ್ ರೀಡರಿನ ಕಸುಬು. ಬೇಹುಗಾರನಿಗೆಂದು ಹಾಕಿದ ಬೀಗ ದುಭಾಷಿಯನ್ನೂ ಹೊರಗೆ ನಿಲ್ಲಿಸಿತು. ಜರ್ಮನಿಯ ಸರ್ಕಾರಿ ನಿಧಿಯೊಂದು 2023ರಲ್ಲಿ ಗ್ನೋಮ್‌ಗೆ ಹತ್ತು ಲಕ್ಷ ಯೂರೋ ಕೊಟ್ಟಾಗ ಅದರ ಉದ್ದೇಶಗಳಲ್ಲಿ ಈ ಬಿರುಕನ್ನು ಮುಚ್ಚುವುದೂ ಇತ್ತು. ಡಾಸ್‌ನಿಂದ ವಿಂಡೋಸ್‌ಗೆ ಹೋಗುವಾಗ ಲಾಭದ ಕಂಪನಿ ಮಾಡಿದ ಎಡವಟ್ಟನ್ನು ಸ್ವಾತಂತ್ರ್ಯದ ಹೆಸರಿನ ಸಮುದಾಯವೂ ಹದಿನೈದು ಇಪ್ಪತ್ತು ವರ್ಷಗಳ ಮೇಲೆ ಮಾಡಿತು. ಸದುದ್ದೇಶವೊಂದರಿಂದಲೇ ಅಂಗ-ಪ್ರಧಾನಗಳ ವಿವೇಕ ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ.

ಸ್ವಾತಂತ್ರ್ಯವೂ ಅಧಿಕಾರವೂ ನೇರವಾಗಿ ಢಿಕ್ಕಿ ಹೊಡೆದ ಪ್ರಸಂಗವೊಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ್ದು, ಮತ್ತು ಅದು ಎರಡು ಅಂಕಗಳಲ್ಲಿ ನಡೆಯಿತು. ವಿಂಡೋಸ್ 95 ಬಂದಾಗ ಅಂಧ ನೌಕರರು ಅದನ್ನು ಬಳಸಲಾರರೆಂದು ಆ ರಾಜ್ಯ ಖರೀದಿ ನಿಲ್ಲಿಸುವ ಮಾತೆತ್ತಿತು. 1997ರ ಆಕ್ಟಿವ್ ಆಕ್ಸೆಸಿಬಿಲಿಟಿಯ ಹಿಂದೆ ಅಂಥ ಒತ್ತಡಗಳಿದ್ದವು. ಹತ್ತು ವರ್ಷದ ಮೇಲೆ, 2005ರ ಸೆಪ್ಟೆಂಬರಿನಲ್ಲಿ, ಅದೇ ರಾಜ್ಯದ ಮಾಹಿತಿ ತಂತ್ರಜ್ಞಾನ ವಿಭಾಗ ಇನ್ನೊಂದು ನಿರ್ಧಾರ ಮಾಡಿತು: ಸರ್ಕಾರದ ದಾಖಲೆಗಳು ಒಂದು ಕಂಪನಿಯ ಸ್ವತ್ತಾದ ರೂಪದಲ್ಲಿ ಇರಬಾರದು, 2007ರ ಆರಂಭದಿಂದ ಓಪನ್ ಡಾಕ್ಯುಮೆಂಟ್ ಎಂಬ ಮುಕ್ತ ರೂಪದಲ್ಲಿ ಇರಬೇಕು. ನಾಗರಿಕರ ದಾಖಲೆ ನಾಗರಿಕರದಾಗಿಯೇ ಉಳಿಯಬೇಕೆಂಬ ತತ್ತ್ವ; ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ವಿರೋಧಿಸಿದವರಲ್ಲಿ ಮುಂದೆ ನಿಂತವರು ಅಂಗವಿಕಲರ ಸಂಘಟನೆಗಳು. ಅವರ ಸ್ಕ್ರೀನ್ ರೀಡರುಗಳು ಮೈಕ್ರೋಸಾಫ್ಟ್ ಆಫೀಸಿನೊಡನೆ ವರ್ಷಗಟ್ಟಲೆ ಪಳಗಿದ್ದವು. ಮುಕ್ತ ರೂಪವನ್ನು ಬಳಸುವ ಓಪನ್ ಆಫೀಸಿನಲ್ಲಿ ತಡವರಿಸುತ್ತಿದ್ದವು. ಈ ವಿರೋಧದ ಹಿಂದೆ ಕಂಪನಿಯ ಕೈವಾಡವಿದೆ ಎಂದು ಮುಕ್ತ ತಂತ್ರಾಂಶದ ಕೆಲವರು ಗುಮಾನಿಪಟ್ಟರು. ಕಂಪನಿಗೆ ಆ ವಿರೋಧದಿಂದ ಲಾಭವಿದ್ದದ್ದು ನಿಜ. ಆದರೆ ನೌಕರಿಯ ಮೇಜಿನ ಮುಂದೆ ಕೂತ ಅಂಧನ ತೊಂದರೆ ಅದರಿಂದ ಸುಳ್ಳಾಗುವುದಿಲ್ಲ. ಮುಂದೆ ನಡೆದದ್ದನ್ನು ಕಡಿಮೆ ಜನ ನೆನೆಯುತ್ತಾರೆ. ಮುಕ್ತ ರೂಪದ ಸಮಿತಿಯವರು ಅಂಗವಿಕಲರನ್ನು ಕೂರಿಸಿಕೊಂಡು ತಮ್ಮ ಮಾನಕದ ಕೊರತೆ ಹುಡುಕಿದರು. 2007ರ ಫೆಬ್ರವರಿಯಲ್ಲಿ ಬಂದ ಅದರ 1.1 ಆವೃತ್ತಿಯ ಮುಖ್ಯ ಕೆಲಸವೇ ಆ ತಿದ್ದುಪಡಿ. ಮೈಕ್ರೋಸಾಫ್ಟ್ ಆಫೀಸಿನಿಂದಲೇ ಮುಕ್ತ ರೂಪದಲ್ಲಿ ಉಳಿಸಲು ಸಹಾಯಕ ತಂತ್ರಾಂಶಗಳು ಬಂದವು. ಕೊನೆಗೆ ರಾಜ್ಯ 2007ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟಿನ ಹೊಸ ರೂಪಕ್ಕೂ ಒಪ್ಪಿಗೆ ಕೊಟ್ಟಿತು, ಮೊದಲ ತತ್ತ್ವ ಮಸುಕಾಯಿತು. ಅಂಧರನ್ನು ಮೊದಲ ದಿನವೇ ಕೇಳಿದ್ದರೆ ಆ ತತ್ತ್ವಕ್ಕೆ ಇಷ್ಟು ಸುಲಭದ ವೈರಿ ಹುಟ್ಟುತ್ತಿರಲಿಲ್ಲ ಎಂದೇ ನನ್ನ ಎಣಿಕೆ.

ಅಮರ್ತ್ಯ ಸೇನ್ 1979ರ ತಮ್ಮ ಟ್ಯಾನರ್ ಉಪನ್ಯಾಸದಲ್ಲಿ, ಸಮಾನತೆ ಎಂದರೆ ಯಾವುದರ ಸಮಾನತೆ ಎಂದು ಕೇಳಿದ್ದರು. ಎಲ್ಲರ ಕೈಗೂ ಒಂದೇ ವಸ್ತು ಕೊಟ್ಟರೆ ಸಮಾನತೆ ಬಂದಂತಲ್ಲ, ಆ ವಸ್ತುವಿನಿಂದ ಯಾರು ಏನು ಮಾಡಬಲ್ಲರೆಂದು ನೋಡಬೇಕು ಎಂಬುದು ಅವರ ನಿಲುವು; ಅಂಗವೈಕಲ್ಯವೇ ಅವರ ವಾದದ ಒರೆಗಲ್ಲಾಗಿತ್ತು. ಪರವಾನಗಿಯಲ್ಲಿ ಬರೆದ ಸ್ವಾತಂತ್ರ್ಯ ವಸ್ತುವಿನಂಥದು. ಅದನ್ನು ಚಲಾಯಿಸಬಲ್ಲ ಶಕ್ತಿ ಬೇರೆ. ಇದಕ್ಕೆ ಬರುವ ಪ್ರಬಲವಾದ ಆಕ್ಷೇಪ ಹೀಗಿದೆ: ಲಿನಕ್ಸ್ ಬರೆಯುವವರಲ್ಲಿ ಅನೇಕರು ಪುಕ್ಕಟೆಯಾಗಿ ದುಡಿಯುವವರು, ದಾನ ಕೊಟ್ಟವನಿಗೆ ಋಣದ ಲೆಕ್ಕ ಕೇಳುವುದು ಅನ್ಯಾಯ. ಒಬ್ಬೊಬ್ಬ ಸ್ವಯಂಸೇವಕನ ಮಟ್ಟಿಗೆ ಇದು ಒಪ್ಪತಕ್ಕ ಮಾತು. ರಾತ್ರಿ ಕೂತು ತನ್ನ ಖುಷಿಗೆ ಒಂದು ಸಣ್ಣ ತಂತ್ರಾಂಶ ಬರೆದವನ ಕೊರಳಪಟ್ಟಿ ಹಿಡಿಯಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಒಂದು ಸಿಸ್ಟಂ ಶಾಲೆಯ, ಕಚೇರಿಯ, ನ್ಯಾಯಾಲಯದ ಕಂಪ್ಯೂಟರಿನಲ್ಲಿ ಕೂತ ಕ್ಷಣ ಅದು ಒಬ್ಬರ ಖುಷಿಯ ಕೆಲಸವಾಗಿ ಉಳಿಯುವುದಿಲ್ಲ. ಕಡ್ಡಾಯ ಮಾಡಿದವನು, ಮಾರಿದವನು, ಕಟ್ಟಿ ಹಂಚಿದವನು ಆ ಹೊಣೆ ಹೊರಬೇಕು. ಮಾಡಲೇಬೇಕಾದದ್ದು ಎಂದು ವಿಧಿಸಿದ ಮೇಲೆ ಅದು ನಿತ್ಯಕರ್ಮ. ಶಕ್ತಿಯಿದ್ದಷ್ಟು ಮಾಡುವವನಿಗೂ ಅಲ್ಲಿ ಜಾಗವಿರಬೇಕು. ಕೇರಳದಲ್ಲಿ ಉಬುಂಟು ಮಾಟೆಯ ಮೇಲೆ ಕಟ್ಟಿದ ಆಕ್ಸೆಸಿಬಲ್ ಕೋಕೊನಟ್‌ನಂಥ ಲಿನಕ್ಸ್ ಆವೃತ್ತಿ ಇರುವುದು, ಅಂಧರನ್ನು ಮೊದಲ ಬಳಕೆದಾರರೆಂದು ಇಟ್ಟುಕೊಂಡೂ ಕಟ್ಟಬಹುದೆಂಬುದಕ್ಕೆ ಪುರಾವೆ.

ಸಂಖ್ಯೆಯ ಆಕ್ಷೇಪಕ್ಕೆ ಹೆಚ್ಚು ಹೊತ್ತು ಬೇಡ. ಸ್ಕ್ರೀನ್ ರೀಡರ್ ಬಳಸುವವರು ಎಷ್ಟು ಮಂದಿ, ಅವರಿಗಾಗಿ ಇಷ್ಟು ಖರ್ಚೇಕೆ ಎಂಬುದಕ್ಕೆ, ಹೆಸರುಗಳ ಅದೇ ಮರ ತಂತ್ರಾಂಶ ಪರೀಕ್ಷೆಗೂ ದನಿಯಲ್ಲಿ ಆದೇಶ ಕೊಡುವವರಿಗೂ ಬೇಕಾಗುತ್ತದೆಂದು ಉತ್ತರಿಸುವುದು ವಾಡಿಕೆ. ಉತ್ತರ ನಿಜವಾದರೂ ನಾನು ಅದಕ್ಕೆ ಒರಗುವುದಿಲ್ಲ. ಇತರರಿಗೂ ಲಾಭವಿದೆ ಎಂದು ತೋರಿಸಿದ ಮೇಲಷ್ಟೇ ಸಿಗುವುದು ಅಧಿಕಾರವಲ್ಲ. ಹೆಚ್ಚು ಯೋಚನೆ ಬೇಡುವ ಆಕ್ಷೇಪ ಈಚಿನದು: ಕೃತಕ ಬುದ್ಧಿಮತ್ತೆ ಈಗ ಚಿತ್ರ ನೋಡಿ ವಿವರಿಸುತ್ತದೆ, ಪರದೆಯನ್ನೂ ಅದೇ ನೋಡಿ ಹೇಳಲಿ, ಹೆಸರಿನ ಮರ ಯಾಕೆ ಬೇಕು? ಈ ಸಾಧನಗಳು ಹೆಸರಿಲ್ಲದ ಚಿತ್ರಗಳಿಗೆ, ಹಳೆಯ ದಾಖಲೆಗಳಿಗೆ ಒದಗುತ್ತಿರುವುದು ಸಂತೋಷದ ಸಂಗತಿ. ಆದರೆ ನ್ಯಾಯಶಾಸ್ತ್ರ ಅನುಮಾನವನ್ನೂ ಶಬ್ದವನ್ನೂ ಬೇರೆ ಬೇರೆ ಪ್ರಮಾಣಗಳಾಗಿ ಎಣಿಸಿದ್ದು ಸುಮ್ಮನೆ ಅಲ್ಲ. ಹೊಗೆ ಕಂಡು ಬೆಂಕಿಯನ್ನು ಊಹಿಸುವುದು ಒಂದು. ಬಲ್ಲವನು ಹೇಳಿದ್ದನ್ನು ಕೇಳಿ ತಿಳಿಯುವುದು ಇನ್ನೊಂದು. ಆ ಬಟನ್ ಹಣ ಕಳುಹಿಸುತ್ತದೋ ರದ್ದು ಮಾಡುತ್ತದೋ ಎಂಬುದು ಅದನ್ನು ಬರೆದ ತಂತ್ರಾಂಶಕ್ಕೆ ಖಚಿತವಾಗಿ ಗೊತ್ತು. ಗೊತ್ತಿರುವವನು ಬಾಯಿ ಮುಚ್ಚಿಕೊಂಡು, ಪಕ್ಕದ ಯಂತ್ರ ಊಹಿಸಲಿ ಎನ್ನುವುದರಲ್ಲಿ ಪ್ರಗತಿಯೇನೂ ಇಲ್ಲ. ಪರದೆಯ ಪ್ರತಿರೂಪ ಊಹಿಸುತ್ತಿದ್ದ 1990ರ ದಶಕಕ್ಕೆ ಅದು ಮರಳುವ ದಾರಿ. ಊಹೆ ತಪ್ಪಿದರೆ ನಷ್ಟ ಕೇಳಿದವನದು, ಊಹಿಸಿದವನದಲ್ಲ.

ಕನ್ನಡದ ಕಂಪ್ಯೂಟರ್ ಚರಿತ್ರೆಗೂ ಇದೇ ಪಾಠ ಗೊತ್ತಿರಬೇಕಿತ್ತು. 1991ರ ಮೊದಲ ಯುನಿಕೋಡ್ ಆವೃತ್ತಿಯಲ್ಲೇ ಕನ್ನಡವಿತ್ತು. ಆದರೂ ಬಹುಕಾಲ ನಾವು ಬಳಸಿದ್ದು, ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರ ತೊಡಿಸಿದ ಫಾಂಟುಗಳನ್ನು. ನುಡಿ, ಬರಹ ತಂತ್ರಾಂಶಗಳ ಹಳೆಯ ರೂಪದ ಕಡತಗಳು ಕಣ್ಣಿಗೆ ಚೆಂದದ ಕನ್ನಡ. ಸ್ಕ್ರೀನ್ ರೀಡರಿನ ಕಿವಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಎನ್‌ವಿಡಿಎ ಜತೆಗೇ ಬರುವ ಇಸ್ಪೀಕ್ ಎನ್‌ಜಿ ಕನ್ನಡವನ್ನು ಪುಕ್ಕಟೆಯಾಗಿ ಓದುತ್ತದೆ, ದನಿ ಯಾಂತ್ರಿಕವಾದರೂ ಓದುತ್ತದೆ. ಕಡತದೊಳಗೆ ಕನ್ನಡವೇ ಇಲ್ಲದಿದ್ದರೆ ಅದು ಏನನ್ನು ಓದೀತು? ಸ್ಕ್ಯಾನ್ ಮಾಡಿದ ಪುಟದ ಚಿತ್ರವನ್ನೇ ಸುತ್ತೋಲೆಯೆಂದು ಹಾಕುವುದಕ್ಕೂ ಇದೇ ಮಾತು. ಇದರಲ್ಲಿ ವಿಂಡೋಸ್, ಮ್ಯಾಕ್, ಲಿನಕ್ಸ್ ಯಾವುದರ ತಪ್ಪೂ ಇಲ್ಲ. ಬರೆದವರು ಕಾಣುವುದನ್ನೇ ಬರಹವೆಂದು ತಿಳಿದದ್ದರ ಫಲ ಇದು, ಮತ್ತು ಆ ಕಡತಗಳು ಇನ್ನೂ ನಮ್ಮ ನಡುವೆ ಇವೆ.

ಹಾಗಾದರೆ ಇವತ್ತು ಸ್ಕ್ರೀನ್ ರೀಡರ್ ಬಳಸುವ ಕನ್ನಡಿಗರು ಯಾವ ಸಿಸ್ಟಂ ಆರಿಸಬೇಕು? ಎನ್‌ವಿಡಿಎ ಇರುವ ವಿಂಡೋಸ್ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ, ಸ್ವತಂತ್ರ ತಂತ್ರಾಂಶವನ್ನು ಮೆಚ್ಚುವವನಾಗಿಯೂ. ತತ್ತ್ವದ ಬೆಲೆಯನ್ನು ತಾನು ತೆರದೆ ಇನ್ನೊಬ್ಬರ ದಿನದ ಕೆಲಸದಿಂದ ತೆರಿಸುವ ಹಕ್ಕು ಕಣ್ಣಿರುವ ಯಾವ ಆದರ್ಶವಾದಿಗೂ ಇಲ್ಲ. ಆ ಬೆಲೆ ತೆರಬೇಕಾದವರು ಖರೀದಿಸುವವರು, ಮುಖ್ಯವಾಗಿ ಸರ್ಕಾರ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2016ರ ಕಾಯ್ದೆ ಮಾಹಿತಿ ತಂತ್ರಜ್ಞಾನವನ್ನೂ ತನ್ನ ವ್ಯಾಪ್ತಿಗೆ ತಂದಿದೆ. 2024ರ ನವೆಂಬರಿನಲ್ಲಿ ರಾಜೀವ್ ರಾತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು, ಮಾನಕಗಳನ್ನು ಬರೀ ಸಲಹೆಗಳಾಗಿ ಬಿಟ್ಟಿದ್ದ ನಿಯಮ ಆ ಕಾಯ್ದೆಗೆ ವಿರುದ್ಧವೆಂದು ಹೇಳಿ, ಕಡ್ಡಾಯ ನಿಯಮ ರೂಪಿಸಲು ಕೇಂದ್ರಕ್ಕೆ ಸೂಚಿಸಿತು. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಇನ್ನೊಂದು ತೀರ್ಪಿನಲ್ಲಿ ಡಿಜಿಟಲ್ ಸೇವೆಗಳ ಲಭ್ಯತೆಯನ್ನು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಡನೆ ಸೇರಿಸಿತು. ಕಚೇರಿಯೊಂದು ಮುಂದಿನ ಸಲ ಕಂಪ್ಯೂಟರ್ ಕೊಳ್ಳಲು, ಮುಕ್ತ ತಂತ್ರಾಂಶಕ್ಕೆ ಹೋಗಲು, ಕನ್ನಡದ ಜಾಲತಾಣ ಕಟ್ಟಿಸಲು ಟೆಂಡರ್ ಕರೆಯುವಾಗ, ಒಪ್ಪಿಕೊಳ್ಳುವ ಮುನ್ನ ಸ್ಕ್ರೀನ್ ರೀಡರ್ ಬಳಸುವ ಒಬ್ಬ ನೌಕರ ಅದನ್ನು ಮೊದಲಿನಿಂದ ಕೊನೆವರೆಗೆ ಯಾರ ನೆರವೂ ಇಲ್ಲದೆ ನಡೆಸಿ ನೋಡಬೇಕು ಎಂಬ ಷರತ್ತು ಅದರಲ್ಲಿರಲಿ, ಹಾಗೆ ನಡೆಸಿ ನೋಡುವ ಕೆಲಸಕ್ಕೆ ಸಂಬಳವೂ ಇರಲಿ.